ಶೂನ್ಯವಾದ ಲಗ್ನ

ಗುಳೇದಗುಡ್ಡದ ಖಣವಿಲ್ಲದೆ ನಮ್ಮ ಕಡೆ ಲಗ್ನವಾಗುವುದಿಲ್ಲ. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬುಗಳ ಜೊತೆ ಅದು ಇರಲೇಬೇಕು. ತೇರು, ಆನೆಹೆಜ್ಜೆ ಮೂಡಿದ ಆ ಬಟ್ಟೆ ಎಷ್ಟು ವಯಸ್ಸಿನ ಹುಡುಗಿಯ ಉಡಿಗೆ ಬೀಳುತ್ತದೆಂದು ನೇಕಾರ ಕೇಳಲಾರ. ಕೇಳಬೇಕಾದದ್ದು ಸರಕಾರ. ಅದು ಹೇಗೆ ಕೇಳಿದೆ ಎಂದು ತಿಳಿಯಲು, ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯನ್ನು ಕಥೆಯೊಂದನ್ನು ಓದುವಷ್ಟೇ ನಿಧಾನವಾಗಿ ಓದಿದೆ.

ಈ ಕಥೆ ಹಳೆಯದು. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ನಿಷೇಧಿಸಿತ್ತು. ಮುಂಬಯಿ ಇಲಾಖೆಯಲ್ಲಿದ್ದ ನಮಗೆ ಅದು ತಾಗಲಿಲ್ಲ. 1929ರ ಶಾರದಾ ಕಾಯಿದೆಯವರೆಗೆ ಕಾಯಬೇಕಾಯಿತು. ಅದರಲ್ಲಿ ಹುಡುಗಿಗೆ 14 ವರ್ಷ. 1978ರಲ್ಲಿ 18 ಆಯಿತು.

2006ರ ಕೇಂದ್ರ ಕಾಯಿದೆ ಬಾಲ್ಯವಿವಾಹವನ್ನು ರದ್ದುಪಡಿಸಬಹುದಾದದ್ದು ಎಂದಿತು. ಯಾರು ರದ್ದುಪಡಿಸಬೇಕು? ಆ ಹುಡುಗಿಯೇ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕು, ಅದೂ ಪ್ರಾಯಕ್ಕೆ ಬಂದ ಎರಡು ವರ್ಷದೊಳಗೆ. ಒಂದು ದಿನ ಮಗ್ಗ ನಿಂತರೆ ಒಂದು ದಿನದ ಗಂಜಿ ನಿಲ್ಲುವ ಮನೆಯಿಂದ, ಕಂಡಿಕೆ ಸುತ್ತುತ್ತ ಬೆಳೆದ ಹುಡುಗಿ ಬಾಗಲಕೋಟೆಗೆ ಹೋಗಿ ವಕೀಲರನ್ನು ಹಿಡಿಯುತ್ತಾಳೆಂದು ನಂಬಿದವರು ಪುಣ್ಯವಂತರು!

ನಮ್ಮ ರಾಜ್ಯ ಈ ನಂಬಿಕೆಯನ್ನು ಬಿಟ್ಟಿತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ ವಿಚಾರ ಮಾಡಿ ವರದಿ ಕೊಟ್ಟಿತ್ತು. 2017ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಇನ್ನು ಮುಂದಿನ ಪ್ರತಿಯೊಂದು ಬಾಲ್ಯವಿವಾಹವೂ ಆರಂಭದಿಂದಲೇ ಶೂನ್ಯ ಎಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಉಳಿದ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿಯುವುದು ಒಳ್ಳೆಯದೆಂದಿತು. ಆ ಮೆಚ್ಚುಗೆಗೆ ನನ್ನ ತಕರಾರಿಲ್ಲ. ಹೊರೆಯನ್ನು ಹುಡುಗಿಯ ತಲೆಯಿಂದ ಇಳಿಸಿದ್ದು ದೊಡ್ಡ ಕೆಲಸವೇ.

ತಕರಾರು ಆ 'ಶೂನ್ಯ'ದ ಬಗ್ಗೆ. ಅಲ್ಲಮನ ನಾಡಿನಲ್ಲಿ ಶೂನ್ಯ ಬಹಳ ತುಂಬಿದ ಮಾತು. ಕಾಯಿದೆಯಲ್ಲಿ ಅದು ಬರೀ ಖಾಲಿ. ಮೂಲ ಕಾಯಿದೆಯ ನಾಲ್ಕನೆಯ ಕಲಮು ಹುಡುಗಿಗೆ ಜೀವನಾಂಶ ಕೊಡಿಸುತ್ತದೆ. ಅದು ಮದುವೆ ರದ್ದುಪಡಿಸುವ ತೀರ್ಪು ಕೊಡುವಾಗ. ಆರನೆಯದು ಹುಟ್ಟಿದ ಮಗುವನ್ನು ನ್ಯಾಯಸಮ್ಮತವೆನ್ನುತ್ತದೆ. ಅದೂ ಅಂಥ ತೀರ್ಪನ್ನು ನೆನೆದೇ. ಈಗ ಮದುವೆಯೇ ಇಲ್ಲವೆಂದ ಮೇಲೆ ರದ್ದುಪಡಿಸುವುದೇನನ್ನು? ತೀರ್ಪೇ ಬೇಡವೆಂದರೆ ತೀರ್ಪಿಗೆ ಗಂಟುಹಾಕಿದ ಜೀವನಾಂಶ ಎಲ್ಲಿಂದ ಬರಬೇಕು? ಜಾಣ ವಕೀಲರು ದಾರಿ ತೆಗೆದಾರು. ಆದರೆ ಕಾಯಿದೆ ಜಾಣ ವಕೀಲರಿಲ್ಲದವರಿಗಾಗಿ ಬರೆದದ್ದಲ್ಲವೇ?

ಲಗ್ನ ತಡೆಯುವವರು ಬೇಕಾದಷ್ಟಿದ್ದಾರೆ: ತಹಶೀಲ್ದಾರರು, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಪೊಲೀಸರು. 1098ಕ್ಕೆ ಫೋನು ಮಾಡಿದರೆ ಬರುತ್ತಾರೆ, ತಂದೆತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು ಹೋಗುತ್ತಾರೆ. ಮಗ್ಗದ ಮನೆಯ ಹೆಣ್ಣುಮಗಳೊಬ್ಬಳು ನನಗೆ ಅಂದದ್ದು: "ಲಗ್ನ ನಿಲ್ಲಿಸ್ಯಾರ್ರೀ, ಛಲೋ ಆತು. ನಾಳಿಂದ ಈ ಹುಡುಗೀನ್ನ ಸಾಲಿಗೆ ಕಳಸಾಕ ಯಾರು ಬರ್ತಾರ್ರೀ?"

ಅವಳ ಪ್ರಶ್ನೆಗೆ ಉತ್ತರ ಇನ್ನೊಂದು ಪುಸ್ತಕದಲ್ಲಿದೆ. 2015ರ ಬಾಲನ್ಯಾಯ ಕಾಯಿದೆ, ಮದುವೆಯ ಅಪಾಯದಲ್ಲಿರುವ ಮಗುವನ್ನು ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವೆಂದು ಎಣಿಸುತ್ತದೆ. ಮಕ್ಕಳ ಕಲ್ಯಾಣ ಸಮಿತಿ ಅವಳನ್ನು ಬಾಲಮಂದಿರಕ್ಕೆ ಕಳಿಸಬಹುದು. ಮನೆಯಲ್ಲೇ ಉಳಿಸಿ, ಪ್ರಾಯೋಜಕತ್ವದಡಿ ಕುಟುಂಬಕ್ಕೆ ಹಣದ ನೆರವು ಕೊಡಿಸಲೂ ಬಹುದು. ನನಗೆ ಎರಡನೆಯದೇ ಹೆಚ್ಚು ಇಷ್ಟ. ಮುಚ್ಚಳಿಕೆ ಬರೆಸಿದ ಅಧಿಕಾರಿ ವಾರದೊಳಗೆ ಆ ಮನೆಯ ಹೆಸರನ್ನು ಸಮಿತಿಯ ಮುಂದಿಡಬೇಕು, ಶೂನ್ಯವಾದ ಲಗ್ನದ ಹುಡುಗಿಗೂ ಜೀವನಾಂಶ ಸಲ್ಲಬೇಕು ಎಂದು ರಾಜ್ಯದ ತಿದ್ದುಪಡಿಯಲ್ಲೇ ಎರಡು ಸಾಲು ಸೇರಿಸಿದ್ದರೆ ಎಷ್ಟು ಕಾಗದ ಖರ್ಚಾಗುತ್ತಿತ್ತು?