ಬಾಟಲಿಯ ಬಸವನಹುಳು, ಜೀಪಿನ ಬೋಲ್ಟು

ಈಗ ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲಿನಲ್ಲಿ 1988ರಲ್ಲಿ ತರಗತಿಗಳು ಶುರುವಾದಾಗ, ಸೂತ್ರ ಉರುಹೊಡೆಸುವುದನ್ನು ಬಿಟ್ಟು ತೀರ್ಪುಗಳನ್ನೇ ಓದಿಸಿ ವಾದಕ್ಕೆಳೆಯುವ ರೂಢಿಯನ್ನು ಅದರ ಮೊದಲ ನಿರ್ದೇಶಕ ಮಾಧವ ಮೆನನ್ ತಂದರು. ಅಲ್ಲಿಂದ ಹೆಚ್ಚು ದೂರವಿಲ್ಲದ ವಿಜಯನಗರ, ರಾಜಾಜಿನಗರಗಳಲ್ಲಿ ಬಿಸಿನೆಸ್ ಲಾ ಓದುವ ಕಾಮರ್ಸ್ ಹುಡುಗರಿಗೆ ಟಾರ್ಟ್ (ಕರಾರಿಲ್ಲದಿದ್ದರೂ ಇನ್ನೊಬ್ಬರಿಗಾದ ಹಾನಿಗೆ ಹೊಣೆ ಹೊರಿಸುವ ಕಾನೂನು) ಅಂದರೆ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುವ ನಾಲ್ಕು ಲ್ಯಾಟಿನ್ ಸೂತ್ರ. ಪಾಪ ಅನ್ನಿಸುತ್ತದೆ. ಇಷ್ಟು ರುಚಿಯಾದ ಕಥೆಗಳು ಕಾನೂನಿನ ಬೇರೆ ಯಾವ ಮೂಲೆಯಲ್ಲೂ ಇಲ್ಲ.

1928ರ ಆಗಸ್ಟ್ 26, ಭಾನುವಾರ. ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಕೆಫೆಯಲ್ಲಿ ಮೇ ಡೊನಾಹ್ಯೂ ಎಂಬ ಹೆಂಗಸಿಗೆ ಜೊತೆಯವರು ಐಸ್‌ಕ್ರೀಮೂ ಜಿಂಜರ್ ಬಿಯರೂ ಕೊಡಿಸಿದರು. ಸ್ವಲ್ಪ ಕುಡಿದಾಗಿತ್ತು. ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳು ಹೊರಬಿತ್ತು ಎಂಬುದು ಆಕೆಯ ದೂರು. ದುಡ್ಡು ಕೊಟ್ಟವರು ಬೇರೆಯವರಾದ್ದರಿಂದ ಅಂಗಡಿಯವನ ಜೊತೆ ಆಕೆಗೆ ಕರಾರಿಲ್ಲ. ಬಾಟಲಿ ತುಂಬಿಸಿದ ಸ್ಟೀವನ್‌ಸನ್ ಜೊತೆಗಂತೂ ಇಲ್ಲವೇ ಇಲ್ಲ. ಹಾಗಾದರೆ ಕೇಳುವುದು ಯಾರನ್ನು?

ಈ ಕಥೆಯ ಸೊಗಸೆಲ್ಲ ಆ ಬಾಟಲಿಯಲ್ಲಿದೆ. ಗಾಜು ಕಪ್ಪು, ಒಳಗಿದ್ದದ್ದು ಕಾಣದು. ನಮ್ಮ ಗೋಲಿ ಸೋಡಾ ಬಾಟಲಿಯನ್ನು ನೆನೆಸಿಕೊಳ್ಳಿ: ತಿಳಿಹಸಿರು ಗಾಜು, ಕತ್ತಿನಲ್ಲಿ ಗೋಲಿ, ಬೆಳಕಿಗೆ ಹಿಡಿದರೆ ತಳದ ಕಸವೂ ಕಾಣುತ್ತದೆ. ಪೇಸ್ಲಿಯದು ಗೋಲಿ ಸೋಡಾ ಆಗಿದ್ದರೆ ಹುಳು ಮೊದಲೇ ಕಣ್ಣಿಗೆ ಬೀಳುತ್ತಿತ್ತು, ಟಾರ್ಟ್ ಕಾನೂನು ಒಂದು ಮಹಾ ತೀರ್ಪನ್ನು ಕಳೆದುಕೊಳ್ಳುತ್ತಿತ್ತು! ಮಧ್ಯೆ ಯಾರೂ ಪರೀಕ್ಷಿಸಲಾರದ ಹಾಗೆ ಮುಚ್ಚಿ ಕಳಿಸಿದ್ದರಿಂದಲೇ ಹೊಣೆ ತಯಾರಕನ ತಲೆಗೆ ಬಂತು. 1932ರಲ್ಲಿ ಬ್ರಿಟನ್ನಿನ ಆಗಿನ ಉನ್ನತ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ಎರಡರ ವಿರುದ್ಧ ಮೂರು ಮತಗಳ ಬಹುಮತದಿಂದ ಹಾಗೆ ಹೇಳಿತು. ನಮ್ಮ ನಡೆಯಿಂದ ನೇರವಾಗಿ ಪೆಟ್ಟು ತಿನ್ನಬಹುದಾದ, ಆದ್ದರಿಂದ ನಾವು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಯಾರೇ ಆಗಲಿ ಕಾನೂನಿನ ಕಣ್ಣಿಗೆ ನೆರೆಯವರು ಎಂದರು ಬಹುಮತದಲ್ಲಿದ್ದ ಲಾರ್ಡ್ ಆಟ್ಕಿನ್. ವಠಾರದ ಗೋಡೆಯಾಚೆಯವರಷ್ಟೇ ಅಲ್ಲ, ಮುಖವನ್ನೇ ನೋಡದ ಗಿರಾಕಿಯೂ ನೆರೆಯವನೇ. ಇನ್ನೊಂದು ತಮಾಷೆ: ಕೇಸು ರಾಜಿಯಲ್ಲಿ ಮುಗಿಯಿತು. ಬಾಟಲಿಯಲ್ಲಿ ಹುಳು ನಿಜಕ್ಕೂ ಇತ್ತೇ ಎಂದು ಯಾವ ಕೋರ್ಟೂ ತೀರ್ಮಾನಿಸಲೇ ಇಲ್ಲ.

ನಷ್ಟವಾದ ಮಾತ್ರಕ್ಕೆ ಪರಿಹಾರ ಸಿಗದು ಎನ್ನುವ, ಇಂಗ್ಲೆಂಡಿನ ಗ್ಲೌಸ್ಟರ್ ಊರಿನ ಮೇಷ್ಟರ 1410ರ ಕಥೆ ಚಿಕ್ಕದು. ಎದುರಿಗೆ ಹೊಸ ಶಾಲೆ ತೆರೆದವನು ಫೀಜು ಇಳಿಸಿದ, ಹಳೆಯ ಮೇಷ್ಟರಿಗೆ ನಷ್ಟವಾಯಿತು, ಪರಿಹಾರ ಸಿಗಲಿಲ್ಲ. ಬಸವೇಶ್ವರನಗರದಲ್ಲಿ ಒಂದು ದರ್ಶಿನಿಯ ಎದುರೇ ಇನ್ನೊಂದು ದರ್ಶಿನಿ ಎದ್ದು ಇಡ್ಲಿಯ ಬೆಲೆ ಇಳಿಸಿದರೂ ಅಷ್ಟೇ. ನಷ್ಟ ಇದೆ, ಹಕ್ಕಿಗೆ ಧಕ್ಕೆ ಇಲ್ಲ.

ನನಗೆ ಹೆಚ್ಚು ಇಷ್ಟ ನಮ್ಮದೇ ನಾಡಿನ ‘ಪದ್ಮಾವತಿ ವಿರುದ್ಧ ದುಗ್ಗನಾಯ್ಕ’. ಡ್ರೈವರ್ ಪೆಟ್ರೋಲ್ ಹಾಕಿಸಲು ಜೀಪು ಒಯ್ಯುತ್ತಿದ್ದ. ದಾರಿಯಲ್ಲಿ ಅಪರಿಚಿತರಿಬ್ಬರು ಹತ್ತಿಕೊಂಡರು. ಮುಂದಿನ ಬಲಗಾಲಿಯನ್ನು ಅಚ್ಚಿಗೆ ಬಿಗಿದ ಒಂದು ಬೋಲ್ಟು ಕಿತ್ತುಬಂತು. ಜೀಪು ಮಗುಚಿತು, ಹತ್ತಿದವರಲ್ಲಿ ಒಬ್ಬರು ತೀರಿಕೊಂಡರು. ಡ್ರೈವರೂ ಹೊಣೆಯಲ್ಲ, ಮಾಲೀಕನೂ ಹೊಣೆಯಲ್ಲ ಎಂದಿತು ಕೋರ್ಟು. ಕಾರಣ ಎರಡು: ಇದು ಅಪ್ಪಟ ಆಕಸ್ಮಿಕ, ಮತ್ತು ಹತ್ತಿದವರು ಸ್ವಂತ ಇಚ್ಛೆಯಿಂದ ಹತ್ತಿದವರು.

ಮೊದಲ ಕಾರಣ ಗಟ್ಟಿಯಾಗಿದೆ, ಸಾಲದು ಎನ್ನುವಂತಿಲ್ಲ. ಎಚ್ಚರ ತಪ್ಪಿದವರೇ ಇಲ್ಲದ ಮೇಲೆ ಕ್ಷಮಿಸುವುದು ಯಾರನ್ನು? ಎರಡನೆಯದು ಬೇಕಿರಲಿಲ್ಲ. ಕೆಂಗೇರಿ ಕಡೆ ‘ಸ್ವಲ್ಪ ಮುಂದೆ ಬಿಡ್ತೀರಾ’ ಎಂದು ಗಾಡಿ ಹತ್ತುವವನು ಒಪ್ಪುವುದು ಸವಾರಿಗೆ, ಸಡಿಲ ಬೋಲ್ಟಿಗಲ್ಲ. ಅಪಾಯ ಗೊತ್ತಿಲ್ಲದವನ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ನನ್ನ ಮಟ್ಟಿಗೆ ತೀರ್ಪು ಸರಿ, ಅದರ ಅರ್ಧ ವಾದ ಸರಿಯಲ್ಲ. ನೀವು ಒಪ್ಪಬೇಕೆಂದೇನಿಲ್ಲ; ತೀರ್ಪು ಇರುವುದು 1975ರ ಕರ್ನಾಟಕ ಲಾ ಜರ್ನಲ್‌ನ ಮೊದಲ ಸಂಪುಟ, 93ನೇ ಪುಟ. ಗೈಡ್ ಪಕ್ಕಕ್ಕಿಟ್ಟು ಓದಿ ನೋಡಿ.