ಬೆಳಕು ತಪ್ಪಿದರೆ ಯಂತ್ರ ನಿಲ್ಲಬೇಕು

ಮನೆಯಲ್ಲೇ ಸಿಎನ್‌ಸಿ ರೌಟರ್ ಅಥವಾ ತ್ರೀಡಿ ಪ್ರಿಂಟರ್ ಕಟ್ಟುವವರ ಗಮನವೆಲ್ಲ ಮೋಟಾರು, ಲೀಡ್‌ಸ್ಕ್ರೂ, ಸ್ಪಿಂಡಲ್‌ಗಳ ಮೇಲಿರುತ್ತದೆ. ಲಿಮಿಟ್ ಸ್ವಿಚ್ಚಿನ ಸರದಿ ಬರುವುದು ಕೊನೆಯಲ್ಲಿ, ಹಣ ತಾಳ್ಮೆ ಎರಡೂ ತೀರುತ್ತ ಬಂದಾಗ. ಆದರೆ ಸ್ಟೆಪ್ಪರ್ ಮೋಟಾರಿಗೆ ತಾನೆಲ್ಲಿದ್ದೇನೆ ಎಂಬುದು ತಿಳಿಯದು. ಎಣಿಕೆ ಎಲ್ಲಿಂದ ಶುರು, ಓಟ ಎಲ್ಲಿಗೆ ಸಾಕು ಎಂದು ಹೇಳುವುದು ಈ ಸ್ವಿಚ್ಚೇ. ಆದ್ದರಿಂದ ಅದರ ಪುಟ್ಟ ಬೋರ್ಡನ್ನು ಕಟ್ಟುನಿಟ್ಟಾಗಿಯೇ ಪರೀಕ್ಷಿಸಬೇಕು.

ಸೀಳಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಳುವ ಬೆಳಕನ್ನು ಅಡ್ಡಪಟ್ಟಿಯೊಂದು ತಡೆದಾಗ ಸ್ಪಂದಿಸುವ ಆಪ್ಟಿಕಲ್ ಲಿಮಿಟ್ ಸ್ವಿಚ್ಚನ್ನು ಹವ್ಯಾಸಿಗಳ ಮೇಜಿಗೆ ತಂದವರಲ್ಲಿ ರೆಪ್‌ರ್ಯಾಪ್ ಯೋಜನೆಯವರು ಮುಖ್ಯರು. ಏಡ್ರಿಯನ್ ಬೋಯರ್ 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಯೋಜನೆಯ ಮೊದಲ ಯಂತ್ರ 'ಡಾರ್ವಿನ್'ನಲ್ಲಿ ಮೂರು ಆಕ್ಸಿಸ್‌ಗೂ ಬೆಳಕಿನ ಸ್ವಿಚ್ಚುಗಳಿದ್ದವು. ಸಿಗ್ನಲ್ ಚೊಕ್ಕ ಮಾಡುವ ಶ್ಮಿಟ್ ಟ್ರಿಗರ್ ಒಳಗೇ ಇರುವ ಎಚ್21ಎಲ್‌ಒಬಿ ಸೆನ್ಸರು, ಸ್ಥಿತಿ ತೋರಿಸುವ ಒಂದು ಎಲ್‌ಇಡಿ, ಬೆರಳೆಣಿಕೆಯ ರೆಸಿಸ್ಟರುಗಳು: ಬೆಸುಗೆ ಹಿಡಿಯಲು ಈಗಷ್ಟೇ ಕಲಿತವರೂ ಕಟ್ಟಬಹುದಾದ ವಿನ್ಯಾಸ. ಎಲ್ಲಿ ಕೆಟ್ಟಿದೆ ಎಂದು ಕಣ್ಣಿಗೇ ಕಾಣಿಸುವ ಆ ಎಲ್‌ಇಡಿ ದೊಡ್ಡ ಉಪಕಾರ. ಮುಂದಿನ ವರ್ಷಗಳಲ್ಲಿ ಸಾಮಾನ್ಯ ಮೈಕ್ರೋಸ್ವಿಚ್ಚುಗಳೇ ಹೆಚ್ಚಾಗಿ ಬಳಕೆಗೆ ಬಂದವು. ಅವು ಅಗ್ಗ, ಎರಡು ತಂತಿ ಸಾಕು.

ಬೆಳಕಿನ ಸ್ವಿಚ್ಚಿನ ಪರವಾಗಿ ಮೊದಲು ಕೇಳಿಬರುವ ವಾದ ನಿಖರತೆಯದು. ಇದನ್ನು ನಾನು ಪೂರ್ತಿ ಒಪ್ಪಲಾರೆ. ಎಣಿಕೆಯ ಆರಂಭಬಿಂದು ಹುಡುಕುವ ಹೋಮಿಂಗ್ ಮಾಡುವಾಗ ನಿಧಾನವಾಗಿ ತಾಗಿಸಿದರೆ ಒಳ್ಳೆಯ ಮೈಕ್ರೋಸ್ವಿಚ್ ಕೂಡ ಮನೆಯ ಯಂತ್ರಕ್ಕೆ ಸಾಕಾಗುವಷ್ಟು ಒಂದೇ ಜಾಗದಲ್ಲಿ ಸ್ಪಂದಿಸುತ್ತದೆ. ಮುಟ್ಟದೆ ಕೆಲಸ ಮಾಡುವುದರಿಂದ ಸವೆತವಿಲ್ಲ, ಲಿವರ್ ಬಾಗುವ ಭಯವಿಲ್ಲ ಎಂಬುದು ನಿಜವಾದ ಲಾಭ. ಆದರೂ ಈ ಬೋರ್ಡಿನ ಬೆಲೆ ಗೊತ್ತಾಗುವುದು ಅದು ಕೆಟ್ಟಾಗ. ತಂತಿ ತುಂಡಾದರೆ, ಸೆನ್ಸರಿನೊಳಗಿನ ಎಲ್‌ಇಡಿ ಸುಟ್ಟರೆ, ಸೀಳಿನಲ್ಲಿ ಮರದ ಹುಡಿ ಕೂತರೆ ಯಂತ್ರ ನಿಲ್ಲುತ್ತದೆಯೋ, ಕುರುಡಾಗಿ ಓಡುತ್ತದೆಯೋ?

ಸಾದಾ ಫೋಟೋಟ್ರಾನ್ಸಿಸ್ಟರ್ ಬಳಸುವ ಸರ್ಕ್ಯೂಟ್ ಈ ವಿಷಯದಲ್ಲಿ ಹುಟ್ಟಿನಿಂದಲೇ ಒಳ್ಳೆಯದು. ಸೀಳು ತೆರೆದಿದ್ದಾಗ ಬೆಳಕು ಬಿದ್ದು ಸಿಗ್ನಲ್ ಸೊನ್ನೆಗೆ ಇಳಿಯುತ್ತದೆ; ಅಡ್ಡಪಟ್ಟಿ ಬಂದಾಗ ಪುಲ್-ಅಪ್ ರೆಸಿಸ್ಟರ್ ಅದನ್ನು 5 ವೋಲ್ಟಿಗೆ ಎತ್ತುತ್ತದೆ. ಎಲ್‌ಇಡಿ ಸತ್ತರೂ, ಹುಡಿ ತುಂಬಿದರೂ ಅದೇ 5 ವೋಲ್ಟ್, ಅಂದರೆ 'ನಿಲ್ಲು'. ಇಷ್ಟು ಒಳ್ಳೆಯ ಗುಣವನ್ನು ಎರಡು ತಪ್ಪುಗಳು ಹಾಳು ಮಾಡುತ್ತವೆ. ಒಂದು, ಪುಲ್-ಅಪ್ಪನ್ನು ಸೆನ್ಸರ್ ಬೋರ್ಡಿನ ಮೇಲೆ ಮಾತ್ರ ಇಡುವುದು. ಆಗ ಸಿಗ್ನಲ್ ತಂತಿ ಕಡಿದರೆ ಕಂಟ್ರೋಲರಿನ ಪಿನ್ ಯಾವ ಮಟ್ಟಕ್ಕೂ ಅಂಟದೆ ತೇಲುತ್ತದೆ. ಎರಡು, ಸಿಗ್ನಲ್ ಚೊಕ್ಕ ಮಾಡಲೆಂದು ಸೆನ್ಸರಿನ ಪಕ್ಕದಲ್ಲೇ 74ಎಚ್‌ಸಿ14 ಐಸಿಯ ಒಂದು ಶ್ಮಿಟ್ ಇನ್ವರ್ಟರ್ ಹಾಕುವುದು. ಆಗ ಎಲ್ಲವೂ ತಲೆಕೆಳಗು: ತೆರೆದ ಸೀಳಿಗೆ 5 ವೋಲ್ಟ್, ತಂತಿ ಕಡಿದು ಕಂಟ್ರೋಲರಿನ ಪುಲ್-ಅಪ್ ಎತ್ತಿದಾಗಲೂ 5 ವೋಲ್ಟ್. ತುಂಡಾದ ತಂತಿ 'ದಾರಿ ಸಲೀಸು' ಎಂದು ಹೇಳತೊಡಗುತ್ತದೆ.

ಪರಿಹಾರಕ್ಕೆ ಹೆಚ್ಚಿನ ಬಿಡಿಭಾಗ ಬೇಡ, ಜಾಗ ಬದಲಿಸಿದರೆ ಸಾಕು. ಪುಲ್-ಅಪ್ಪನ್ನೂ ಶ್ಮಿಟ್ ಇನ್ವರ್ಟರನ್ನೂ ಕಂಟ್ರೋಲರಿನ ತುದಿಯಲ್ಲಿ ಕೂರಿಸಬೇಕು. ಆಗ ತಂತಿ ಎಲ್ಲೇ ಕಡಿದರೂ ಇನ್ವರ್ಟರಿನ ಒಳಗೆ 5 ವೋಲ್ಟ್, ಹೊರಗೆ ಸೊನ್ನೆ. ಕಂಟ್ರೋಲರಿನಲ್ಲಿ ಓಡುವ ಜಿಆರ್‌ಬಿಎಲ್ ಫರ್ಮ್‌ವೇರ್ ತನ್ನ ಮೂಲ ಸೆಟ್ಟಿಂಗಿನಲ್ಲಿ ಸೊನ್ನೆಯನ್ನೇ 'ಮಿತಿ ಮುಟ್ಟಿತು' ಎಂದು ಓದುವುದರಿಂದ ಆ ಸೆಟ್ಟಿಂಗ್ ಬದಲಿಸಬೇಕಿಲ್ಲ. ಸ್ಪಿಂಡಲ್ ಎಬ್ಬಿಸುವ ವಿದ್ಯುತ್ ಗದ್ದಲ ಉದ್ದ ತಂತಿಯಲ್ಲಿ ಸೇರಿಕೊಂಡರೂ ಅದನ್ನು ಸೋಸುವ ಕೆಲಸ ಸರಿಯಾದ ತುದಿಯಲ್ಲೇ ನಡೆಯುತ್ತದೆ.

ರೆಸಿಸ್ಟರ್ ಮೌಲ್ಯಗಳ ಆಯ್ಕೆಯಲ್ಲೂ ಎಚ್ಚರ ಬೇಕು. ಆರ್ಡುಯಿನೋ ಚಿಪ್ಪಿನ ಒಳಗಿನ ಪುಲ್-ಅಪ್ 20ರಿಂದ 50 ಕಿಲೋಓಮ್. ಗದ್ದಲದೆದುರು ಅದು ದುರ್ಬಲ. ಹಾಗೆಂದು 1 ಕಿಲೋಓಮ್ ಹಾಕಿದರೆ ಟ್ರಾನ್ಸಿಸ್ಟರ್ ಸುಮಾರು 5 ಮಿಲಿಆಂಪ್ ಎಳೆಯಬೇಕಾಗುತ್ತದೆ. ಸುಲಭವಾಗಿ ಸಿಗುವ ಟಿಸಿಎಸ್‌ಟಿ2103 ಸೆನ್ಸರು ಎಲ್‌ಇಡಿಗೆ 20 ಮಿಲಿಆಂಪ್ ಕೊಟ್ಟಾಗ ಖಾತ್ರಿಯಾಗಿ ಕೊಡುವುದು 2 ಮಿಲಿಆಂಪ್ ಮಾತ್ರ. ಎಲ್‌ಇಡಿಗೆ 220 ಓಮ್, ಪುಲ್-ಅಪ್ಪಿಗೆ 4.7 ಕಿಲೋಓಮ್ ಇಟ್ಟರೆ ಎರಡೂ ಕಡೆ ನೆಮ್ಮದಿ. ಎಲ್‌ಇಡಿ ಹಳತಾಗಿ ಮಂಕಾದರೂ ಸ್ವಲ್ಪ ಅವಕಾಶ ಉಳಿದಿರುತ್ತದೆ.

ಇಷ್ಟಾದರೂ ಒಂದು ದೋಷ ಉಳಿಯುತ್ತದೆ, ಅದೇ ಅಪಾಯದ್ದು. ಸೆನ್ಸರ್ ಬಳಸುವುದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನು; ಕಿಟಕಿಯ ಬಿಸಿಲಿನಲ್ಲಿ ಅದು ಧಾರಾಳ. ಅದು ನೇರ ಸೆನ್ಸರಿನೊಳಗೆ ಬಿದ್ದರೆ ಪಟ್ಟಿ ಅಡ್ಡ ಬಂದರೂ ಟ್ರಾನ್ಸಿಸ್ಟರಿಗೆ ಬೆಳಕೇ ಕಾಣಬಹುದು. ಕಣ್ಣಿಗೆ ಕಪ್ಪಾಗಿರುವ ತೆಳು ಪ್ಲಾಸ್ಟಿಕ್ ಕೂಡ ಇನ್ಫ್ರಾರೆಡ್‌ಗೆ ಪಾರದರ್ಶಕವಾಗಿರಬಹುದು. ಸೆನ್ಸರನ್ನು ಬಿಸಿಲಿಗೆ ಬೆನ್ನು ಮಾಡಿ ಕೂರಿಸಿ ಮೇಲೊಂದು ಮುಚ್ಚಳ ಕೊಡುವುದು, ಅಡ್ಡಪಟ್ಟಿಗೆ ತಗಡನ್ನೇ ಬಳಸುವುದು ವಿನ್ಯಾಸದ ಭಾಗವಾಗಬೇಕು.

ಒಟ್ಟಿನಲ್ಲಿ ಆಪ್ಟಿಕಲ್ ಬೋರ್ಡ್ ಕಟ್ಟುವ ಶ್ರಮ ಸಾರ್ಥಕ, ಅದು ಕೆಡುವ ಬಗೆಯನ್ನೂ ಮೊದಲೇ ಯೋಚಿಸಿದ್ದರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಕಟ್ಟುವವರಾಗಲಿ, ಸಿದ್ಧ ಬೋರ್ಡ್ ತರಿಸುವವರಾಗಲಿ ಮಾಡಬೇಕಾದ ಪರೀಕ್ಷೆ ಒಂದೇ. ಮಿತಿ ಮುಟ್ಟಿದೊಡನೆ ಯಂತ್ರ ನಿಲ್ಲಿಸುವ ಹಾರ್ಡ್ ಲಿಮಿಟ್ ಸೆಟ್ಟಿಂಗ್ ಆನ್ ಮಾಡಿ, ಟೂಲ್ ಬಿಚ್ಚಿಟ್ಟು, ಯಂತ್ರ ನಿಧಾನವಾಗಿ ಚಲಿಸುವಾಗ ಸೆನ್ಸರಿನ ಕನೆಕ್ಟರನ್ನು ಕೀಳಿ. ತಕ್ಷಣ ನಿಲ್ಲದಿದ್ದರೆ ಆ ಬೋರ್ಡ್ ಎಷ್ಟೇ ನಿಖರವಾಗಿದ್ದರೂ ಯಂತ್ರಕ್ಕೆ ಯೋಗ್ಯವಲ್ಲ.