ಒಂದೇ ಸ್ವರಲಿಪಿ, ಹಲವು ಪಾಠಗಳು: ಬಾರ್ಟೋಕ್ ಅವರ ತಂತಿವಾದ್ಯ ಚತುಷ್ಟಯಗಳ ಧ್ವನಿಮುದ್ರಣಗಳು

ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅವರ ಹೆಸರುಗಳು ಕನ್ನಡದ ಜಾನಪದ ಅಧ್ಯಯನಕ್ಕೆ ಹೊಸವಲ್ಲ. ಮೌಖಿಕ ಸೂತ್ರ ಸಿದ್ಧಾಂತವನ್ನು ಪ್ರಸ್ತಾಪಿಸುವ ಪ್ರತಿಯೊಂದು ಪ್ರಬಂಧವೂ ಈ ಇಬ್ಬರು ವಿದ್ವಾಂಸರನ್ನು ನೆನೆಯುತ್ತದೆ. ಆದರೆ ಪ್ಯಾರಿಯವರು 1933ರಿಂದ 1935ರ ನಡುವೆ ಯುಗೊಸ್ಲಾವಿಯದಲ್ಲಿ ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಮುದ್ರಿಸಿಕೊಂಡ ಹಾಡುಗಳಲ್ಲಿ ಹೆಂಗಸರ ಹಾಡುಗಳನ್ನು ಆಲಿಸಿ ಸ್ವರಲಿಪಿಗೆ ಇಳಿಸಿದವರು ಹಂಗೇರಿಯ ಸಂಗೀತ ರಚನಕಾರ ಬೇಲ ಬಾರ್ಟೋಕ್ (1881-1945) ಎಂಬ ಸಂಗತಿ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಸ್ವದೇಶವನ್ನು ತೊರೆದು ಅಮೆರಿಕೆಯಲ್ಲಿ ನೆಲೆಸಿದ್ದ ಬಾರ್ಟೋಕ್ ಈ ಕಾರ್ಯವನ್ನು 1941-42ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಡೆಸಿದರು. ಅದರ ಫಲವಾದ ಗ್ರಂಥವು ಲಾರ್ಡ್ ಅವರ ಸಹಕರ್ತೃತ್ವದಲ್ಲಿ 1951ರಲ್ಲಿ, ಅಂದರೆ ಬಾರ್ಟೋಕ್ ಅವರ ಮರಣಾನಂತರ ಪ್ರಕಟವಾಯಿತು.

ಈ ಸಂಗತಿಗೆ ಬಾರ್ಟೋಕ್ ಅವರ ಆರು ತಂತಿವಾದ್ಯ ಚತುಷ್ಟಯಗಳ ಧ್ವನಿಮುದ್ರಣಗಳನ್ನು ಹೋಲಿಸುವಾಗ ವಿಶೇಷ ಮಹತ್ವವಿದೆ. ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ ವಾದ್ಯಗಳಿಗಾಗಿ 1909ರಿಂದ 1939ರವರೆಗಿನ ಮೂವತ್ತು ವರ್ಷಗಳಲ್ಲಿ ರಚಿತವಾದ ಈ ಆರು ಕೃತಿಗಳು ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಂಗೀತದ ಪ್ರಮುಖ ಸಾಧನೆಗಳೆಂದು ಮಾನ್ಯವಾಗಿವೆ. ಇವುಗಳ ಧ್ವನಿಮುದ್ರಣಗಳ ವಿಮರ್ಶೆಯಲ್ಲಿ ಸಾಮಾನ್ಯವಾಗಿ ಎರಡು ಮಾನದಂಡಗಳು ಬಳಕೆಯಾಗುತ್ತ ಬಂದಿವೆ. ಮುದ್ರಿತ ಸ್ವರಲಿಪಿಗೆ ವಾದನ ಎಷ್ಟು ನಿಷ್ಠವಾಗಿದೆ ಎಂಬುದು ಒಂದು. ವಾದಕರು ಹಂಗೇರಿಯ ಮಣ್ಣಿನವರೇ, ಅವರಿಗೆ ರಚನಕಾರರ ನೇರ ಮಾರ್ಗದರ್ಶನ ದೊರೆತಿತ್ತೇ ಎಂಬುದು ಇನ್ನೊಂದು. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಎರಡೂ ಸಮರ್ಪಕವಾಗಿ ಕಾಣುವುದಿಲ್ಲ.

ಸ್ವರಲಿಪಿಯ ಬಗೆಗೆ ಬಾರ್ಟೋಕ್ ಅವರ ನಿಲುವನ್ನು ಮೊದಲು ಪರಿಶೀಲಿಸಬೇಕು. ಜೋಲ್ತಾನ್ ಕೊಡಾಯ್ ಅವರೊಡನೆ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯಕ್ಕೆ ತೊಡಗಿದ ಬಾರ್ಟೋಕ್ 1906ರಿಂದಲೇ ಫೊನೊಗ್ರಾಫ್ ಯಂತ್ರವನ್ನು ಬಳಸಿದರು. ಮೇಣದ ಉರುಳೆಗಳ ಮೇಲಿನ ಹಾಡನ್ನು ಮತ್ತೆ ಮತ್ತೆ ಕೇಳಿ ಬರೆಯುತ್ತ ಹೋದಂತೆ ಅವರ ಲಿಪೀಕರಣ ಉತ್ತರೋತ್ತರ ಸೂಕ್ಷ್ಮವಾಯಿತು. ಮೊದಲು ಸರಳವಾಗಿ ಬರೆದಿದ್ದ ರುಮೇನಿಯದ ಹಲವು ಹಾಡುಗಳನ್ನು, ಬಲ್ಗೇರಿಯದ ಅಸಮ ಲಯಗಳ ಪರಿಚಯವಾದ ಮೇಲೆ, ಮತ್ತೆ ಕೇಳಿ ತಿದ್ದಿಕೊಂಡರು. ಕಿವಿ ಬದಲಾದಾಗ ಲಿಪಿಯೂ ಬದಲಾಗುತ್ತದೆ ಎಂಬುದನ್ನು ಸ್ವಂತ ದುಡಿಮೆಯಿಂದ ಕಂಡುಕೊಂಡ ಸಂಗ್ರಾಹಕರು ಅವರು. ಯಾಂತ್ರಿಕ ಸಂಗೀತವನ್ನು ಕುರಿತ 1937ರ ಪ್ರಬಂಧದಲ್ಲಿ, ರಚನಕಾರನೇ ನುಡಿಸಿದರೂ ತನ್ನ ಕೃತಿಯನ್ನು ಸದಾ ಒಂದೇ ಬಗೆಯಲ್ಲಿ ನುಡಿಸುವುದಿಲ್ಲ, ಬದಲಾಗುತ್ತಿರುವುದು ಜೀವಂತವಾದುದರ ಲಕ್ಷಣ ಎಂಬ ಆಶಯವನ್ನು ಅವರು ಮಂಡಿಸಿದ್ದಾರೆ. ಇದಕ್ಕೆ ಅವರ ಪಿಯಾನೊ ಮುದ್ರಣಗಳೇ ಸಾಕ್ಷಿ. 1908ರ ಟ್ರಾನ್ಸಿಲ್ವೇನಿಯದ ಸಂಜೆ ಎಂಬ ಕಿರುಕೃತಿಯನ್ನು ಅವರು ಒಂದಕ್ಕಿಂತ ಹೆಚ್ಚು ಬಾರಿ ಮುದ್ರಿಸಿದ್ದು, ಮಾತಿನ ಲಯದ ಭಾಗಗಳಲ್ಲಿ ತಾವೇ ಬರೆದ ಕಾಲಪ್ರಮಾಣಗಳನ್ನು ಗಣನೀಯವಾಗಿ ಸಡಿಲಿಸಿದ್ದಾರೆ.

ಆದರೆ ಇದೇ ಬಾರ್ಟೋಕ್ ಐದನೆಯ ಚತುಷ್ಟಯದ (1934) ಸ್ವರಲಿಪಿಯಲ್ಲಿ ಒಂದೊಂದು ಖಂಡಕ್ಕೂ ತಗಲುವ ಕಾಲವನ್ನು ಸೆಕೆಂಡುಗಳ ಲೆಕ್ಕದಲ್ಲಿ ನಮೂದಿಸಿದ್ದಾರೆ. ಈ ವಿರೋಧಾಭಾಸಕ್ಕೆ ಪರಿಹಾರ ಅವರ ಜಾನಪದ ವರ್ಗೀಕರಣದಲ್ಲಿಯೇ ಇದೆ. ಹಂಗೇರಿಯ ಜನಪದ ಗೀತೆಗಳನ್ನು ಕುರಿತ 1924ರ ಗ್ರಂಥದಲ್ಲಿ ಅವರು ಲಯದ ಎರಡು ಬಗೆಗಳನ್ನು ಗುರುತಿಸುತ್ತಾರೆ. ಪದಗಳ ಉಚ್ಚಾರಣೆಯನ್ನು ಅನುಸರಿಸಿ ಹಿಗ್ಗಿ ಕುಗ್ಗುವ ಪರ್ಲಾಂಡೊ-ರುಬಾಟೊ ಒಂದು. ಕುಣಿತದ ಹೆಜ್ಜೆಗೆ ಕಟ್ಟುಬಿದ್ದ ಟೆಂಪೊ ಜೂಸ್ಟೊ ಮತ್ತೊಂದು. ಚತುಷ್ಟಯಗಳಲ್ಲಿ ಈ ಎರಡೂ ಅಕ್ಕಪಕ್ಕದಲ್ಲಿ, ಕೆಲವೊಮ್ಮೆ ಒಂದರ ಬೆನ್ನಿಗೇ ಇನ್ನೊಂದು ಬರುತ್ತವೆ. ಆದುದರಿಂದ ಒಂದು ಧ್ವನಿಮುದ್ರಣ ನಿಷ್ಠವೇ ಅಲ್ಲವೇ ಎಂದು ಒಟ್ಟಾರೆಯಾಗಿ ಕೇಳುವುದಕ್ಕಿಂತ, ಎಲ್ಲಿ ನಿಷ್ಠೆ ಅಗತ್ಯ, ಎಲ್ಲಿ ಸಡಿಲಿಕೆ ಅಗತ್ಯ ಎಂಬ ವಿವೇಕ ಆ ತಂಡಕ್ಕೆ ಇದೆಯೇ ಎಂದು ಕೇಳುವುದು ಉಚಿತ.

ನಾಲ್ಕನೆಯ ಚತುಷ್ಟಯ (1928) ಈ ಪರೀಕ್ಷೆಗೆ ಅತ್ಯಂತ ಯೋಗ್ಯವಾದುದು. ಐದು ಭಾಗಗಳ ಈ ಕಮಾನಿನಾಕೃತಿಯ ನಡುವಣ ಭಾಗದಲ್ಲಿ ಮೂರು ವಾದ್ಯಗಳು ಒಂದು ಸ್ವರಪುಂಜವನ್ನು ಹಿಡಿದು ನಿಲ್ಲುತ್ತವೆ. ಅದರ ಮೇಲೆ ಚೆಲ್ಲೊ ಒಂಟಿಯಾಗಿ ಹಾಡುತ್ತದೆ. ಬಾರ್ಟೋಕ್ 1913ರಲ್ಲಿ ಮಾರಾಮುರೆಷ್ ಪ್ರದೇಶದಲ್ಲಿ ಸಂಗ್ರಹಿಸಿದ, ಹೋರ ಲುಂಗ ಎಂಬ ದೀರ್ಘರಾಗದ ಹಾಡುಗಳ ನೆನಪು ಇಲ್ಲಿದೆ. ಹಿಡಿದ ಸ್ವರಗಳನ್ನು ಎಲ್ಲಿ ಕಂಪನವಿಲ್ಲದೆ, ಎಲ್ಲಿ ಕಂಪನಸಹಿತ ನುಡಿಸಬೇಕೆಂದು ಲಿಪಿಯಲ್ಲಿ ಸ್ಪಷ್ಟ ಸೂಚನೆಯಿದೆ. ವೇಗ್ ಚತುಷ್ಟಯದ 1972ರ ಮುದ್ರಣದಲ್ಲಿ ಪಾಲ್ ಸಾಬೊ ಅವರ ಚೆಲ್ಲೊ ಈ ಭಾಗವನ್ನು ಹಾಡುವುದಕ್ಕಿಂತ ಹೆಚ್ಚಾಗಿ ಹೇಳುತ್ತದೆ. ಸ್ವರದಿಂದ ಸ್ವರಕ್ಕೆ ಹೋಗುವಾಗಿನ ತಡವರಿಕೆ ಉಸಿರು ತೆಗೆದುಕೊಳ್ಳುವ ಹಾಡುಗಾರನದು. ಎಮರ್ಸನ್ ಚತುಷ್ಟಯದ 1988ರ ಮುದ್ರಣದಲ್ಲಿ ಇದೇ ಭಾಗ ಸ್ವರಶುದ್ಧಿಯಲ್ಲಿ ನಿರ್ದೋಷವಾಗಿದೆ, ಚೆಲ್ಲೊದ ನಾದ ಸುಂದರವಾಗಿದೆ; ಆದರೆ ಅದು ಯಾರ ಮಾತೂ ಆಗಿ ಕೇಳಿಸುವುದಿಲ್ಲ. ಇದೇ ಕೃತಿಯ ಕೊನೆಯ ಭಾಗಕ್ಕೆ ಬಂದರೆ ತೀರ್ಪು ತಿರುವುಮುರುವಾಗುತ್ತದೆ. ಅಲ್ಲಿ ಬೇಕಾದುದು ಬಡಿತದ ಖಚಿತತೆ. ವೇಗ್ ತಂಡದ ಪಟ್ಟು ಅಲ್ಲಿ ಸಡಿಲಗೊಂಡು, ಸ್ವರಸ್ಥಾನಗಳೂ ಅಲ್ಲಲ್ಲಿ ಜಾರುತ್ತವೆ. ಇದನ್ನು ಗ್ರಾಮೀಣ ಸೊಗಡು ಎಂದು ಸಮರ್ಥಿಸುವ ವಿಮರ್ಶಕರಿದ್ದಾರೆ. ಹಳ್ಳಿಯ ಕುಣಿತಕ್ಕೆ ನುಡಿಸುವವರು ಲಯ ತಪ್ಪುವುದಿಲ್ಲ ಎಂಬುದನ್ನು ಕ್ಷೇತ್ರಕಾರ್ಯ ಮಾಡಿದ ಯಾರಾದರೂ ಬಲ್ಲರು.

ಎರಡನೆಯ ಮಾನದಂಡವಾದ ಗುರುಪರಂಪರೆಯ ವಾದವೂ ಸಾಕ್ಷ್ಯಗಳೆದುರು ನಿಲ್ಲುವುದಿಲ್ಲ. ಶಾಂದೋರ್ ವೇಗ್ 1935ರಲ್ಲಿ ಸ್ಥಾಪಿತವಾದ ಹಂಗೇರಿಯನ್ ಚತುಷ್ಟಯದಲ್ಲಿದ್ದು, ಐದನೆಯ ಚತುಷ್ಟಯವನ್ನು ಬಾರ್ಟೋಕ್ ಅವರ ಸಮ್ಮುಖದಲ್ಲಿಯೇ ಅಭ್ಯಸಿಸಿದವರು. ಅನಂತರ ಆ ತಂಡದ ನಾಯಕತ್ವ ವಹಿಸಿದ ಜೋಲ್ತಾನ್ ಸೇಕೆಯ್ ಬಾರ್ಟೋಕ್ ಅವರ ಆಪ್ತರು. 1938ರಲ್ಲಿ ಪೂರ್ಣಗೊಂಡ ಪಿಟೀಲು ಕಾನ್ಸರ್ಟೊ ರಚಿತವಾದುದೇ ಅವರಿಗಾಗಿ. ಇಬ್ಬರಿಗೂ ಮೂಲ ಒಂದೇ. ಆದರೂ ಸೇಕೆಯ್ ನಾಯಕತ್ವದ 1961ರ ಮುದ್ರಣ ಸಂಯಮದ, ಗೀತಾತ್ಮಕವಾದ, ಬಹುಮಟ್ಟಿಗೆ ನಾಗರಿಕವಾದ ವಾದನ. ವೇಗ್ ಅವರದು ಒರಟು ಮತ್ತು ಸ್ವಚ್ಛಂದ. ವೇಗ್ ಅವರ 1954ರ ಮುದ್ರಣವನ್ನು 1972ರದರೊಡನೆ ಇಟ್ಟು ಕೇಳಿದರೆ ಇವೂ ಪರಸ್ಪರ ಭಿನ್ನ. ಒಬ್ಬ ಗುರುವಿನ ಇಬ್ಬರು ಶಿಷ್ಯರು ಒಂದೇ ಕಥನಗೀತೆಯನ್ನು ಬೇರೆ ಬೇರೆಯಾಗಿ ಹಾಡುವುದು, ಒಬ್ಬನೇ ಹಾಡುಗಾರ ವರ್ಷಗಳ ನಂತರ ಬೇರೆಯಾಗಿ ಹಾಡುವುದು ಜಾನಪದ ವಿದ್ವಾಂಸರಿಗೆ ಆಶ್ಚರ್ಯ ತರುವ ವಿಷಯವಲ್ಲ. ತುಳುನಾಡಿನ ಸಿರಿಕಾವ್ಯವನ್ನು ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ 1998ರಲ್ಲಿ ಪ್ರಕಟಿಸಿದಾಗ, ಆ 15,683 ಸಾಲುಗಳು ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಕಟ್ಟಿಕೊಟ್ಟ ಪಾಠವೆಂದೇ ಗ್ರಹಿಸಲಾಯಿತು. ಸಿರಿಯ ಏಕೈಕ ಪಠ್ಯವೆಂದಲ್ಲ.

ಈ ದೃಷ್ಟಿಗೆ ಜೂಲಿಯಾರ್ಡ್ ಚತುಷ್ಟಯದ ಮೂರು ಮುದ್ರಣಗಳು ಅಪೂರ್ವ ಸಾಮಗ್ರಿಯನ್ನು ಒದಗಿಸುತ್ತವೆ. ಅಮೆರಿಕದ ಈ ತಂಡ 1950ರ ವೇಳೆಗೆ, 1963ರಲ್ಲಿ ಹಾಗೂ 1981ರಲ್ಲಿ ಆರೂ ಕೃತಿಗಳನ್ನು ಮುದ್ರಿಸಿತು. ಮೂರರಲ್ಲಿಯೂ ಇರುವವರು ಮೊದಲ ಪಿಟೀಲಿನ ರಾಬರ್ಟ್ ಮಾನ್ ಒಬ್ಬರೇ. ಮೊದಲನೆಯದರಲ್ಲಿ ಕೃತಿಗಳಿಗಾಗಿ ವಾದಿಸುವ ಯುವಕರ ಆವೇಶವಿದೆ. ರಚನಕಾರರು ತೀರಿಕೊಂಡು ಇನ್ನೂ ಐದು ವರ್ಷವಾಗಿತ್ತಷ್ಟೆ. ಈ ಸಂಗೀತ ಕೇಳುಗರಿಗೆ ಇನ್ನೂ ಕಠಿಣವೆನಿಸುತ್ತಿದ್ದ ಕಾಲ. ಹದಿನೈದು ನಿಮಿಷಗಳ ಆಸುಪಾಸಿನ ಮೂರನೆಯ ಚತುಷ್ಟಯ (1927) ಅಲ್ಲಿ ಒಂದೇ ಉಸಿರಿನಲ್ಲಿ ಸಾಗುತ್ತದೆ, ಮುದ್ರಣದ ನಾದ ಒಣಕಲಾದರೂ. 1963ರದರಲ್ಲಿ ಆ ಆವೇಶಕ್ಕೆ ಹಿಡಿತ ಬಂದಿದೆ. ನಾಲ್ಕನೆಯ ಚತುಷ್ಟಯದ ಮೊದಲ ಮತ್ತು ಕೊನೆಯ ಭಾಗಗಳಿಗೆ ಇದನ್ನು ಮೀರಿಸಿದ ಮುದ್ರಣ ಹೇಳುವುದು ಕಷ್ಟ. 1981ರ ವೇಳೆಗೆ ಕೃತಿಗಳು ಶಾಸ್ತ್ರೀಯ ಮನ್ನಣೆ ಪಡೆದಿದ್ದವು. ವಾದನವೂ ವಿಸ್ತಾರವಾಗಿ, ನಿಧಾನವಾಗಿ, ಹಿಂದಿರುಗಿ ನೋಡುವ ಧಾಟಿಯದಾಗಿದೆ. ಅಕ್ಷರವೂ ಬದಲಾಗದಂತೆ ಹಾಡುತ್ತೇವೆ ಎಂದು ಹೇಳುತ್ತಲೇ ಬದಲಿಸಿ ಹಾಡುವ ಗಾಯಕರನ್ನು ಲಾರ್ಡ್ ವಿವರಿಸಿದ್ದಾರೆ. ಇಲ್ಲಿ ಅಕ್ಷರ ನಿಜವಾಗಿಯೂ ಬದಲಾಗಿಲ್ಲ, ಸ್ವರಲಿಪಿ ಅದೇ. ಬದಲಾದುದು ಸಂದರ್ಭ ಮತ್ತು ಸಭೆ.

ಐದನೆಯ ಚತುಷ್ಟಯದ ಮೂರನೆಯ ಭಾಗ ಬಲ್ಗೇರಿಯ ರೀತಿಯದೆಂದು ರಚನಕಾರರೇ ಸೂಚಿಸಿದ್ದಾರೆ. ಒಂಬತ್ತು ಮಾತ್ರೆಗಳನ್ನು 4+2+3 ಎಂದು ವಿಭಜಿಸಲಾಗಿದೆ. ತಕದಿಮಿ-ತಕ-ತಕಿಟ ಎಂಬ ಸಂಕೀರ್ಣ ಗತಿ ಬಲ್ಲ ಕರ್ನಾಟಕದ ಕೇಳುಗರಿಗೆ ಇದು ಸುಲಭವೆನಿಸೀತು. ಆದರೆ ಎಚ್ಚರ ಅಗತ್ಯ. ಬಲ್ಗೇರಿಯ ಲಯದ ಮೂಲ ಮಾತ್ರೆ ನಿಮಿಷಕ್ಕೆ ಮುನ್ನೂರನ್ನೂ ಮೀರುವಷ್ಟು ಚುರುಕಾದುದೆಂದು ಬಾರ್ಟೋಕ್ ಗುರುತಿಸಿದ್ದಾರೆ. ಅಲ್ಲಿ ಮಾತ್ರೆಯ ಎಣಿಕೆಗಿಂತ ಉದ್ದ ಮತ್ತು ಗಿಡ್ಡ ಹೆಜ್ಜೆಗಳ ಅನುಭವ ಮುಖ್ಯ. ಎಮರ್ಸನ್ ವಾದನದಲ್ಲಿ ಲೆಕ್ಕ ಕೇಳಿಸುತ್ತದೆ. ತಕಾಚ್ ಚತುಷ್ಟಯದ 1996ರ ಮುದ್ರಣದಲ್ಲಿ ಹೆಜ್ಜೆ ಕೇಳಿಸುತ್ತದೆ.

ತಕಾಚ್ ತಂಡದ ಉದಾಹರಣೆ ಇನ್ನೊಂದು ಕಾರಣಕ್ಕೂ ವಿಚಾರಾರ್ಹ. 1975ರಲ್ಲಿ ಬುಡಾಪೆಸ್ಟಿನಲ್ಲಿ ಆರಂಭವಾದ ಈ ತಂಡ 1984ರಲ್ಲಿ ಮೂಲ ಸದಸ್ಯರೊಡನೆ ಹಂಗೇರಿಯ ಕಂಪನಿಯೊಂದಕ್ಕಾಗಿ ಈ ಕೃತಿಗಳನ್ನು ಮುದ್ರಿಸಿತ್ತು. 1996ರ ವೇಳೆಗೆ ಮೊದಲ ಪಿಟೀಲಿಗೆ ಎಡ್ವರ್ಡ್ ಡ್ಯೂಸಿನ್ಬರ್, ವಿಯೋಲಕ್ಕೆ ರಾಜರ್ ಟ್ಯಾಪಿಂಗ್ ಬಂದಿದ್ದರು, ಇಬ್ಬರೂ ಇಂಗ್ಲಿಷರು. ಮಾತೃಭಾಷೆಯ ಲಯ ರಕ್ತದಲ್ಲಿ ಬರುತ್ತದೆಂಬ ವಾದ ಸರಿಯಾಗಿದ್ದರೆ ಎರಡನೆಯ ಮುದ್ರಣ ಸೊರಗಬೇಕಿತ್ತು. ಆದುದು ಹಾಗಲ್ಲ. ಆರನೆಯ ಚತುಷ್ಟಯವನ್ನು (1939) ತೆರೆಯುವ ಒಂಟಿ ವಿಯೋಲದ ಶೋಕರಾಗವನ್ನು ನುಡಿಸುವವರು ಟ್ಯಾಪಿಂಗ್. ಅದರಲ್ಲಿ ಹಂಗೇರಿಯ ಮಾತಿನ ಮೊದಲಕ್ಷರದ ಒತ್ತು ಸಹಜವಾಗಿ ಮೂಡಿದೆ. ಮೌಖಿಕ ಪರಂಪರೆ ಸಾಗುವುದು ಒಡನಾಟದಿಂದ, ಪಕ್ಕದಲ್ಲಿ ಕುಳಿತು ಕಲಿಯುವುದರಿಂದ. ತಂಡದಲ್ಲಿ ಉಳಿದಿದ್ದ ಕಾರೋಯ್ ಶ್ರಾನ್ಜ್ ಮತ್ತು ಆಂಡ್ರಾಶ್ ಫೆಯೇರ್ ಆ ಒಡನಾಟದ ಕೊಂಡಿಗಳಾಗಿದ್ದರು.

ಐದನೆಯ ಚತುಷ್ಟಯದ ಕೊನೆಯಲ್ಲಿ ಬೀದಿಯ ವಾದ್ಯಪೆಟ್ಟಿಗೆಯದೆನ್ನಬಹುದಾದ ಸಪ್ಪೆ ರಾಗವೊಂದು ಇದ್ದಕ್ಕಿದ್ದಂತೆ ಬಂದು, ಅಪಸ್ವರಕ್ಕೆ ತಿರುಗಿ ಮರೆಯಾಗುತ್ತದೆ. ನಿರ್ಲಿಪ್ತವಾಗಿ ನುಡಿಸಬೇಕೆಂಬುದು ಅಲ್ಲಿನ ಸೂಚನೆ. ನಗೆ ತರಿಸಲೆಂದು ಅದನ್ನು ಉತ್ಪ್ರೇಕ್ಷಿಸುವ ತಂಡಗಳು ಪರ್ಲಾಂಡೊ ಭಾಗಗಳಲ್ಲಿಯೂ ಭಾವಾತಿರೇಕಕ್ಕೆ ಜಾರುವುದು ಆಕಸ್ಮಿಕವಲ್ಲ.

ಗ್ರಂಥಾಲಯಗಳ ಸೂಚಿಗಳಲ್ಲಿ ಈ ಮುದ್ರಣಗಳನ್ನು ಕೃತಿ ಮತ್ತು ತಂಡದ ಹೆಸರಿನಿಂದಷ್ಟೇ ನಮೂದಿಸಿದರೆ ಇಂತಹ ಅಧ್ಯಯನ ಅಸಾಧ್ಯವಾಗುತ್ತದೆ. ಜೂಲಿಯಾರ್ಡ್ ಎಂದರೆ ಮೂರು ಪಾಠಗಳು. ವೇಗ್ ಎಂದರೆ ಎರಡು, ತಕಾಚ್ ಎಂದರೆ ಎರಡು. ಸಿ.ಡಿ. ರೂಪದ ಮರುಮುದ್ರಣಗಳಲ್ಲಿ ಮರುಬಿಡುಗಡೆಯ ವರ್ಷವೇ ಎದ್ದು ಕಾಣುವಾಗ ಗೊಂದಲ ಇನ್ನಷ್ಟು. ಜನಪದ ಗೀತೆಯ ದಾಖಲೆಯಲ್ಲಿ ವಕ್ತೃವಿನ ಹೆಸರು, ಸ್ಥಳ, ದಿನಾಂಕಗಳನ್ನು ಬರೆದಿಡುವಂತೆ ಇಲ್ಲಿಯೂ ನಾಲ್ವರು ವಾದಕರ ಹೆಸರು ಮತ್ತು ಮುದ್ರಣಗೊಂಡ ವರ್ಷವನ್ನು ಪ್ರತ್ಯೇಕವಾಗಿ ನಮೂದಿಸುವುದು ಅವಶ್ಯ. ಬಾರ್ಟೋಕ್ ತಮ್ಮ ಮೇಣದ ಉರುಳೆಗಳ ದಾಖಲೆಗಳಲ್ಲಿ ಪಾಲಿಸಿದ ಶಿಸ್ತೂ ಇದೇ ಆಗಿತ್ತು.